ಬೇರೆ ದೇಶದವರ ಜೊತೆ ಲ್ಯಾಂಡ್‌ಸ್ಕೇಪ್ ಕೆಲಸ: ಯೋಚನೆ ಅವರದು, ಗೆರೆ ಎಳೆಯುವುದಷ್ಟೇ ನಮ್ಮದಾ?

ಹೊಸಚಿಗುರು

ಎಲ್ಲರಿಗೂ ನಮಸ್ಕಾರ. ನಾನು ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್, ಕೆಲಸಕ್ಕೆ ಸೇರಿ ಮೂರು ವರ್ಷ ಆಯಿತು. ನಮ್ಮ ಆಫೀಸಿಗೆ ಮೊದಲ ಸಲ ಬೇರೆ ದೇಶದ ಒಂದು ಸಂಸ್ಥೆಯ ಜೊತೆ ಕೆಲಸ ಸಿಕ್ಕಿದೆ. ಹಳೆಯ ಕಾರ್ಖಾನೆಯ ಜಾಗದಲ್ಲಿ ಪಾರ್ಕ್, ನಡುವೆ ಒಂದು ಕಾಲುವೆ. ಕಾನ್ಸೆಪ್ಟ್ ಅವರು ಮಾಡುತ್ತಾರೆ. ಕೆಲಸದ ಡ್ರಾಯಿಂಗ್, ಸೈಟ್ ಎಲ್ಲ ನಮ್ಮದು.

ಮೊದಲ ಕಂತು ಬಂತು. ಚಿತ್ರಗಳು ಚೆನ್ನಾಗಿವೆ, ಸುಳ್ಳು ಹೇಳಬಾರದು. ಆದರೆ ಗಿಡಗಳ ಪಟ್ಟಿಯಲ್ಲಿ ಅರ್ಧಕ್ಕರ್ಧ ನಮ್ಮ ಹವೆಗೆ ಬದುಕುವಂಥವಲ್ಲ. ಕಾಲುವೆಗೆ ಮಳೆಗಾಲದಲ್ಲಿ ಎಷ್ಟು ನೀರು ಬರುತ್ತದೆ ಅಂತ ಒಂದು ಸಲವೂ ಕೇಳಿಲ್ಲ. ವಿಡಿಯೊ ಕಾಲ್‌ನಲ್ಲಿ ನಾನು ಬಾಯಿ ತೆಗೆಯುವಷ್ಟರಲ್ಲಿ ಮುಂದಿನ ಸ್ಲೈಡ್ ಬಂದಿರುತ್ತದೆ. ಬಾಸ್ "ಸುಮ್ನೆ ಇರು, ಅವರಿಗೆ ಗೊತ್ತಿರುತ್ತದೆ" ಅಂದರು.

ಇಂಥ ಕೆಲಸ ಮಾಡಿದವರು ಯಾರಾದರೂ ಇದ್ದೀರಾ? ಇದು ಹೀಗೇನಾ?

ಕಲ್ಲುಬೆಂಚು

ಹೀಗೇ ತಮ್ಮಾ. ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಹೆಸರು ಅವರದು, ಬಿಸಿಲು ನಮ್ಮದು. ಉದ್ಘಾಟನೆ ದಿನ ಫೋಟೊ ಹೊಡೆಸಿಕೊಂಡು ಹೋಗುತ್ತಾರೆ. ಮೂರನೇ ವರ್ಷ ಗಿಡ ಒಣಗಿದಾಗ ಫೋನ್ ಬರುವುದು ನಮಗೆ. ಫೀಸ್ ಸಮಯಕ್ಕೆ ಸರಿಯಾಗಿ ಬರುವ ಹಾಗೆ ನೋಡಿಕೊಳ್ಳಿ. ಮಿಕ್ಕಿದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಹೊಸಚಿಗುರು

ತಮ್ಮ ಅಲ್ಲ ಸರ್, ತಂಗಿ. 🙂 ತಲೆ ಆಗಲೇ ಕೆಟ್ಟಿದೆ, ಅದಕ್ಕೇ ಇಲ್ಲಿ ಬರೆದದ್ದು.

ನೀರಹಾದಿ

ಕಲ್ಲುಬೆಂಚು ಅವರ ಸಿಟ್ಟಿಗೆ ಕಾರಣ ಇದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಎಲ್ಲ ಕಡೆ ಹಾಗಲ್ಲ. ಕಾಲುವೆ ಅಂದಿರಲ್ಲ, ಅದರದೇ ಒಂದು ಕಥೆ ಹೇಳುತ್ತೇನೆ.

ಸಿಂಗಪುರದಲ್ಲಿ ಬಿಶಾನ್-ಆಂಗ್ ಮೊ ಕಿಯೊ ಪಾರ್ಕ್ ಇದೆ. ಅದರ ಅಂಚಿನಲ್ಲಿ 2.7 ಕಿ.ಮೀ. ಉದ್ದದ, ನೇರ ಗೆರೆಯಂಥ ಕಾಂಕ್ರೀಟ್ ಕಾಲುವೆ ಇತ್ತು. ಅದನ್ನು ಒಡೆದು 3.2 ಕಿ.ಮೀ. ಬಳುಕುತ್ತ ಹರಿಯುವ ಹೊಳೆ ಮಾಡಿದರು. 2012ರಲ್ಲಿ ಜನರಿಗೆ ತೆರೆಯಿತು. ವಿನ್ಯಾಸ ಜರ್ಮನಿಯ ಆಟೆಲಿಯರ್ ಡ್ರೈಸೈಟ್ಲ್ ಅವರದು. ಜೊತೆಗೆ ನಿಂತವರು ಸಿಂಗಪುರದ ನೀರಿನ ಸಂಸ್ಥೆ ಪಿಯುಬಿ ಮತ್ತು ಪಾರ್ಕ್ ನೋಡಿಕೊಳ್ಳುವ ಎನ್‌ಪಾರ್ಕ್ಸ್.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಕಾಂಕ್ರೀಟ್ ಇಲ್ಲದೆ, ಗಿಡದ ಬೇರು, ಕೊಂಬೆಯ ಕಟ್ಟು, ಕಲ್ಲು, ನಾರಿನ ಚಾಪೆ ಇವುಗಳಿಂದಲೇ ದಡ ಹಿಡಿದಿಡುವುದು ಯುರೋಪಿನಲ್ಲಿ ಹಳೆಯ ವಿದ್ಯೆ. ಅಲ್ಲಿ ವಿಲ್ಲೋ ಮರದ ಹಸಿ ಕೊಂಬೆ ಚುಚ್ಚಿದರೆ ಸಾಕು, ಚಿಗುರುತ್ತದೆ. ಸಮಭಾಜಕದ ಪಕ್ಕದಲ್ಲಿ ವಿಲ್ಲೋ ಎಲ್ಲಿಂದ ತರುವುದು? ಮಳೆಯ ರೀತಿಯೂ ಬೇರೆ. ಅರ್ಧ ಗಂಟೆಯಲ್ಲಿ ಹೊಳೆ ತುಂಬಿ, ಇನ್ನರ್ಧ ಗಂಟೆಯಲ್ಲಿ ಇಳಿದುಬಿಡುತ್ತದೆ. ಹಾಗಾಗಿ 2009ರಲ್ಲಿ ಪಾರ್ಕಿನ ಒಂದು ಪಕ್ಕದ ಮೋರಿಯಲ್ಲಿ ಸುಮಾರು 60 ಮೀಟರ್ ತೆಗೆದುಕೊಂಡು, ಹತ್ತು ವಿಧಾನಗಳನ್ನು ಪಕ್ಕಪಕ್ಕದಲ್ಲಿ ಮಾಡಿ ನೋಡಿದರು. ಯಾವ ಗಿಡ ಬೇರು ಬಿಡುತ್ತದೆ, ಯಾವುದು ಕೊಚ್ಚಿಹೋಗುತ್ತದೆ ಅಂತ ನೀರೇ ತೀರ್ಪು ಕೊಟ್ಟಿತು. ಗೆದ್ದ ವಿಧಾನಗಳು ಮಾತ್ರ ದೊಡ್ಡ ಹೊಳೆಗೆ ಹೋದವು. ಒಡೆದ ಕಾಂಕ್ರೀಟನ್ನು ಪೇರಿಸಿ ಅಲ್ಲೇ ಒಂದು ಗುಡ್ಡ ಮಾಡಿದ್ದಾರೆ, ಅದು ಬೇರೆ ಮಾತು.

ಆ 60 ಮೀಟರ್ ಮೋರಿಯಲ್ಲಿ ಜರ್ಮನಿಯವರಿಗೂ ಉತ್ತರ ಗೊತ್ತಿರಲಿಲ್ಲ, ಸಿಂಗಪುರದವರಿಗೂ ಗೊತ್ತಿರಲಿಲ್ಲ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತರು. ಅದು ನನಗೆ ತುಂಬ ಇಷ್ಟವಾಗುವ ಭಾಗ.

ಕಲ್ಲುಬೆಂಚು

ನೀರಹಾದಿ, ಕಥೆ ಚೆನ್ನಾಗಿದೆ. ಆದರೆ ಅಲ್ಲಿ ಸರ್ಕಾರದ ಕೈಯಲ್ಲಿ ದುಡ್ಡಿತ್ತು, ಕಾಯುವ ತಾಳ್ಮೆಯೂ ಇತ್ತು. ನಮ್ಮ ತಂಗಿಗೆ ಪ್ರಯೋಗ ಮಾಡಲು ಒಂದು ಮಳೆಗಾಲ ಬಿಟ್ಟುಕೊಡುವ ಮಾಲೀಕ ಇದ್ದಾನಾ ಕೇಳಿ.

ಅಳತೆಕೋಲು

ದೊಡ್ಡ ಮಾತು ಆಮೇಲೆ ಆಡೋಣ. ಮೊದಲು ಅಳತೆ ನೋಡಿಕೊಳ್ಳಿ. ಸಂಸ್ಕೃತಿ ಸಂಸ್ಕೃತಿ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಕೆಲಸದಲ್ಲಿ ಮೊದಲು ಜಗಳ ಆಗುವುದು ಅಂಕಿಯ ಮೇಲೆ.

ನನ್ನದೇ ಕಥೆ. ಇಳಿಜಾರನ್ನು ನಾವು 1:3 ಅಂತ ಬರೆಯುತ್ತೇವೆ, ಅಂದರೆ ಒಂದು ಏರು, ಮೂರು ಅಡ್ಡ. ಅಮೆರಿಕದವರು ಅದೇ ಇಳಿಜಾರನ್ನು 3:1 ಅಂತ ಬರೆಯುತ್ತಾರೆ. ಅವರಿಗೆ ಅಡ್ಡ ಮೊದಲು. ಅವರ ಹಾಳೆ ಹಾಗೇ ಸೈಟಿಗೆ ಹೋಯಿತು. ಕಾಂಟ್ರಾಕ್ಟರ್ ಮೂರು ಏರು, ಒಂದು ಅಡ್ಡ ಅಂತ ಓದಿಕೊಂಡು ಗೋಡೆ ಥರ ಮಣ್ಣು ಕಡಿಸಿದ. ಮೊದಲ ಮಳೆಗೇ ಕುಸಿಯಿತು. ಹಾಳೆಯ ಮೇಲೆ ಸಹಿ ನನ್ನದು. ಆಗಿನಿಂದ ಇಳಿಜಾರನ್ನು ಶೇಕಡಾದಲ್ಲೇ ಬರೆಯುತ್ತೇನೆ, ಪಕ್ಕದಲ್ಲಿ ಒಂದು ಸಣ್ಣ ತ್ರಿಕೋನವನ್ನೂ ಎಳೆಯುತ್ತೇನೆ.

ಮರದ ಅಳತೆಯಲ್ಲೂ ಇದೇ ಗೋಳು. ಯುರೋಪಿನ ನರ್ಸರಿಯಲ್ಲಿ ನೆಲದಿಂದ 1 ಮೀಟರ್ ಎತ್ತರದಲ್ಲಿ ಕಾಂಡದ ಸುತ್ತಳತೆ ಹಿಡಿಯುತ್ತಾರೆ. ಅಮೆರಿಕದಲ್ಲಿ ಕಾಂಡದ ಅಡ್ಡಳತೆ, ಅದೂ ನೆಲದಿಂದ 6 ಇಂಚು ಮೇಲೆ. ದಪ್ಪ ಮರ ಆದರೆ 12 ಇಂಚು ಮೇಲೆ. ಪಟ್ಟಿಯಲ್ಲಿ ಬರೀ "16-18 ಸೆಂ.ಮೀ." ಅಂತಿದ್ದರೆ ಒಬ್ಬರಿಗೆ ಅದು ಐದಾರು ಸೆಂ.ಮೀ. ದಪ್ಪದ ಎಳೆ ಮರ, ಇನ್ನೊಬ್ಬರಿಗೆ ಕ್ರೇನ್ ಬೇಕಾಗುವ ಮರ. ದುಡ್ಡಿನಲ್ಲಿ ಎಷ್ಟು ವ್ಯತ್ಯಾಸ ಅಂತ ನೀವೇ ಲೆಕ್ಕ ಹಾಕಿ.

ಭೂಮಿಯ ದಕ್ಷಿಣಾರ್ಧದಿಂದ ಬಂದ ವಿನ್ಯಾಸಗಾರರಾದರೆ ಇನ್ನೊಂದು ತಮಾಷೆ. ಅವರ ಸೂರ್ಯ ಉತ್ತರದ ಕಡೆ. ಬಿಸಿಲು ಬೇಕಾದ ಬೆಂಚು ನೆರಳಿಗೆ ಹೋಗುತ್ತದೆ. ಬುದ್ಧಿವಂತರೂ ಕೈತಪ್ಪಿ ಹೀಗೆ ಮಾಡುತ್ತಾರೆ, ಕೈಗೆ ಅಭ್ಯಾಸ ಆಗಿರುತ್ತದಲ್ಲ.

ಲೆವೆಲ್ ವಿಷಯಕ್ಕೆ ಬಂದರೆ ಲಾಫೆನ್‌ಬುರ್ಗ್ ಸೇತುವೆ ನೆನಪಿಟ್ಟುಕೊಳ್ಳಿ. ರೈನ್ ನದಿಯ ಈ ದಡ ಜರ್ಮನಿ, ಆ ದಡ ಸ್ವಿಟ್ಜರ್ಲೆಂಡ್. ಜರ್ಮನಿಯವರು ಎತ್ತರ ಅಳೆಯುವುದು ಉತ್ತರ ಸಮುದ್ರದ ಮಟ್ಟದಿಂದ, ಸ್ವಿಸ್‌ನವರು ಮೆಡಿಟರೇನಿಯನ್ ಮಟ್ಟದಿಂದ. ಎರಡಕ್ಕೂ 27 ಸೆಂ.ಮೀ. ವ್ಯತ್ಯಾಸ. ಇದು ಇಬ್ಬರಿಗೂ ಗೊತ್ತಿತ್ತು! ಆದರೂ ಕೂಡಿಸುವ ಕಡೆ ಕಳೆದರು. 2003ರಲ್ಲಿ ನೋಡಿದರೆ ಎರಡು ಕಡೆಯ ಮಟ್ಟಕ್ಕೆ 54 ಸೆಂ.ಮೀ. ಅಂತರ. ಭಾಷೆ ಇಬ್ಬರದೂ ಜರ್ಮನ್ನೇ, ನೋಡಿ.

ಕಲ್ಲುಬೆಂಚು

ಹಹ್ಹಾ, 54 ಸೆಂ.ಮೀ.! ನಮ್ಮ ಒಂದು ಸೈಟಿನಲ್ಲಿ ಅವರು ತಿಂಗಳು ಮೊದಲು ಬರೆಯುತ್ತಿದ್ದರು, ನಾವು ದಿನ ಮೊದಲು. ಮಾರ್ಚಿ 4ಕ್ಕೆ ಬರಬೇಕಾದ ಗಿಡ ಏಪ್ರಿಲ್ 3ಕ್ಕೆ ಬಂತು. ಗುಂಡಿ ತೋಡಿಕೊಂಡು ಒಂದು ತಿಂಗಳು ಕೂತಿದ್ದೆವು.

ಬೇರುಬಿಳಲು

ಗಿಡದ ಪಟ್ಟಿ ಬಗ್ಗೆ ನಾನು ಹೇಳಬೇಕು, ನನ್ನ ಹೊಟ್ಟೆಪಾಡು ಅದೇ.

ಒಂದು ಸಮಾಧಾನ ಏನು ಅಂದರೆ ಗಿಡಗಳಿಗೆ ಲ್ಯಾಟಿನ್ ಹೆಸರಿದೆ. ಎರಡೇ ಪದ, ಯಾವ ದೇಶದಲ್ಲೂ ಅದೇ. ರೂಢಿಯ ಹೆಸರು ಬಳಸಿದಿರೋ, ಕೆಟ್ಟಿರಿ. ಇಂಗ್ಲಿಷಿನಲ್ಲಿ "ಸೀಡರ್" ಅಂತ ಕರೆಯುವ ಮರಗಳಲ್ಲಿ ಎಷ್ಟೋ ಮರಗಳಿಗೆ ಪರಸ್ಪರ ಸಂಬಂಧವೇ ಇಲ್ಲ.

ಆದರೆ ಹೆಸರು ಒಂದೇ ಆದ ಮಾತ್ರಕ್ಕೆ ಗಿಡ ಬದುಕುವುದಿಲ್ಲ. ಅಮೆರಿಕದವರ ಹವಾಮಾನ ವಲಯದ ನಕ್ಷೆಯನ್ನು ಎಲ್ಲರೂ ಹಿಡಿದುಕೊಂಡು ಓಡಾಡುತ್ತಾರೆ. ಅದು ಹೇಳುವುದು ಚಳಿಗಾಲದಲ್ಲಿ ಅತಿ ಕಡಿಮೆ ಉಷ್ಣತೆ ಎಷ್ಟು ಅನ್ನುವುದನ್ನು ಮಾತ್ರ. ಸೆಕೆ ಎಷ್ಟು, ತೇವ ಎಷ್ಟು, ಮಳೆ ಯಾವ ತಿಂಗಳು, ಮಣ್ಣು ಹುಳಿಯೋ ಸುಣ್ಣವೋ, ಏನೂ ಇಲ್ಲ. ಒಂದೇ ವಲಯದ ಎರಡು ಊರಿನಲ್ಲಿ ಒಂದು ಕಡೆ ಆಳೆತ್ತರ ಬೆಳೆದ ಗಿಡ ಇನ್ನೊಂದು ಕಡೆ ಕೊಳೆತು ಸತ್ತದ್ದನ್ನು ನೋಡಿದ್ದೇನೆ.

ಮತ್ತೆ, ಗಿಡ ತರಿಸುವುದು ಅಂದರೆ ಗಿಡ ಒಂದೇ ಬರುವುದಿಲ್ಲ. ಮಣ್ಣು, ಹುಳು, ಕಣ್ಣಿಗೆ ಕಾಣದ ರೋಗ ಎಲ್ಲ ಜೊತೆಗೆ ಬರುತ್ತವೆ. ಇಟಲಿಯ ಪುಲ್ಯ ಪ್ರಾಂತದಲ್ಲಿ 2013ರಲ್ಲಿ ಕ್ಸೈಲೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಸಿಕ್ಕಿತು. ಮಧ್ಯ ಅಮೆರಿಕದಿಂದ ತಂದ ಅಲಂಕಾರದ ಕಾಫಿ ಗಿಡದ ಜೊತೆ ಬಂದಿರಬೇಕು ಅಂತ ಸಂಶೋಧಕರ ಅಂದಾಜು. ಲಕ್ಷಗಟ್ಟಲೆ ಆಲಿವ್ ಮರ ಒಣಗಿದವು. ಅದರಲ್ಲಿ ನೂರಾರು ವರ್ಷದ ಮರಗಳೂ ಇದ್ದವು. ಜಪಾನಿನ ನಾಟ್‌ವೀಡ್ ಅನ್ನುವ ಗಿಡವನ್ನು 19ನೇ ಶತಮಾನದಲ್ಲಿ ಚೆಂದ ಅಂತ ಯುರೋಪಿಗೆ ತಂದರು, ಅದು ಹತೋಟಿ ಮೀರಿ ಹಬ್ಬಿತು. ಇವತ್ತು ಬ್ರಿಟನ್ನಿನಲ್ಲಿ ಮನೆ ಮಾರುವಾಗ ಅದು ತೋಟದಲ್ಲಿ ಇದೆಯೋ ಇಲ್ಲವೋ ಹೇಳಬೇಕಾದ ಪರಿಸ್ಥಿತಿ.

ಸರಿಯಾಗಿ ಮಾಡಿದ್ದೂ ಇದೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಸ್ಯೋದ್ಯಾನದಲ್ಲಿ 2018ರಲ್ಲಿ ಆಗಾ ಖಾನ್ ಗಾರ್ಡನ್ ತೆರೆಯಿತು. ಮೊಘಲ್ ತೋಟದ ಯೋಚನೆ, ಅಮೆರಿಕದ ನೆಲ್ಸನ್ ಬರ್ಡ್ ವೋಲ್ಟ್ಸ್ ಅವರ ವಿನ್ಯಾಸ, ಮೈ ಹೆಪ್ಪುಗಟ್ಟುವ ಚಳಿ. ನಾಲ್ಕು ಭಾಗದ ಚಾರ್‌ಬಾಗ್, ನೀರಿನ ಕಾಲುವೆ, ಹಣ್ಣಿನ ತೋಟ ಎಲ್ಲ ಉಳಿಸಿಕೊಂಡರು. ಆದರೆ ಗಿಡಗಳೆಲ್ಲ ಆ ಚಳಿ ತಡೆಯುವಂಥವೇ. ಚಳಿಗಾಲದಲ್ಲಿ ಬಿಸಿಲು ಇಷ್ಟೇ ಇಷ್ಟು, ನೀರು ಕಲ್ಲಾಗುತ್ತದೆ. ಬಿಸಿ ನಾಡಿನಲ್ಲಿ ಮೊಘಲರು ನೆರಳು ಹುಡುಕಿದರು, ಇಲ್ಲಿಯವರಿಗೆ ಬಿಸಿಲೇ ಬೇಕು. ತೋಟದ ಅರ್ಥವೇ ತಿರುಗಿಬಿಡುತ್ತದೆ ಅಲ್ವಾ?

ಎರಡುದಡ

ಬೇರುಬಿಳಲು ಅವರ ಕೊನೆಯ ಮಾತು ಹಿಡಿದುಕೊಂಡೇ ಬರುತ್ತೇನೆ.

ಕೋಪನ್‌ಹೇಗನ್‌ನ ಸೂಪರ್‌ಕೀಲೆನ್ ಪಾರ್ಕ್ ಬಗ್ಗೆ ಕೇಳಿರುತ್ತೀರಿ. 2012ರದ್ದು. ಬರ್ಲಿನ್ನಿನ ಲ್ಯಾಂಡ್‌ಸ್ಕೇಪ್ ಸಂಸ್ಥೆ ಟೋಪೋಟೆಕ್1, ಡೆನ್ಮಾರ್ಕಿನ ಆರ್ಕಿಟೆಕ್ಟ್ ಸಂಸ್ಥೆ ಬಿಗ್, ಸೂಪರ್‌ಫ್ಲೆಕ್ಸ್ ಅನ್ನುವ ಕಲಾವಿದರ ಗುಂಪು ಸೇರಿ ಮಾಡಿದ್ದು. ಆ ಬಡಾವಣೆಯಲ್ಲಿ ಹತ್ತಾರು ದೇಶದ ಜನ ಇದ್ದಾರೆ. ನಿಮ್ಮ ದೇಶದ ಯಾವ ವಸ್ತು ಇಲ್ಲಿ ಇರಬೇಕು ಅಂತ ಅವರನ್ನೇ ಕೇಳಿದರು. ಮೊರೊಕ್ಕೊ ಕಾರಂಜಿ, ಥಾಯ್ ಬಾಕ್ಸಿಂಗ್ ಕಣ, ಜಮೈಕಾದ ಸೌಂಡ್ ಸಿಸ್ಟಮ್ ಬಂದವು. ಐದು ಗುಂಪುಗಳನ್ನು ಕಲಾವಿದರು ಆಯಾ ದೇಶಕ್ಕೇ ಕರೆದುಕೊಂಡು ಹೋದರು. ಒಂದು ಗುಂಪು ಪ್ಯಾಲೆಸ್ಟೀನಿನಿಂದ ಮಣ್ಣು ತಂದಿತು.

ನನಗೆ ಆ ಮಣ್ಣು ಇಷ್ಟ. ಮಿಕ್ಕಿದ್ದರಲ್ಲಿ ಒಂದಷ್ಟು ಪ್ರದರ್ಶನದ ಮಳಿಗೆ ಥರ ಕಾಣುತ್ತದೆ. ಒಂದು ವಸ್ತು ಇಟ್ಟರೆ ಒಂದು ಸಂಸ್ಕೃತಿ ಬಂದುಬಿಟ್ಟಿತಾ?

ಮಣ್ಣುಗೈ

ಎರಡುದಡ, ಅಷ್ಟು ಬೇಗ ತಳ್ಳಿಹಾಕಬೇಡಿ. ಪಾರ್ಕಿನಲ್ಲಿ ಯಾವ ಬೆಂಚು ಇರಬೇಕು ಅಂತ ವಲಸೆ ಬಂದವರನ್ನು ಕೇಳುವವರು ಎಷ್ಟು ಜನ ಇದ್ದಾರೆ? ಮಕ್ಕಳು ಆ ಕಾರಂಜಿಯ ಸುತ್ತ ಆಡುತ್ತಾರೆ. ಅವರಿಗೆ ಅದು ಮೊರೊಕ್ಕೊದ್ದೂ ಅಲ್ಲ, ಯಾರದ್ದೂ ಅಲ್ಲ.

ಎರಡುದಡ

ಇರಬಹುದು. ಮಕ್ಕಳ ವಿಷಯ ಒಪ್ಪಿದೆ. ಮಳಿಗೆ ಅಂದ ಮಾತನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. 🙂

ಇನ್ನೊಂದು ಹೇಳುತ್ತೇನೆ. ಪ್ಯಾರಿಸ್ಸಿನ ಯುನೆಸ್ಕೊ ಕಚೇರಿಯಲ್ಲಿ ಇಸಾಮು ನೊಗುಚಿ 1956ರಿಂದ 58ರವರೆಗೆ ಮಾಡಿದ ತೋಟ ಇದೆ. ನೊಗುಚಿಯ ತಂದೆ ಜಪಾನಿ, ತಾಯಿ ಅಮೆರಿಕದವರು, ಆತ ಶಿಲ್ಪಿ. ಕಲ್ಲುಗಳು ಜಪಾನಿನಿಂದ ಹಡಗಿನಲ್ಲಿ ಬಂದವು. ತೋಟಗಾರಿಕೆಯ ಹಳೆಯ ಮನೆತನದ ಟೋಎಮೋನ್ ಸಾನೊ ಕೂಡ ಬಂದರು. ಇಬ್ಬರಿಗೂ ಕಲ್ಲು ಇಡುವ ವಿಷಯದಲ್ಲೇ ತಿಕ್ಕಾಟ. ಒಬ್ಬನಿಗೆ ಅದು ಶಿಲ್ಪ, ಇನ್ನೊಬ್ಬನಿಗೆ ತಲೆಮಾರುಗಳ ನಿಯಮ. ಮೇಲುನೋಟಕ್ಕೆ ಇಬ್ಬರೂ "ಜಪಾನಿನ ಕಡೆಯವರು". ಹಾಗಾಗಿ "ಅವರ ಸಂಸ್ಕೃತಿ, ನಮ್ಮ ಸಂಸ್ಕೃತಿ" ಅಂತ ಯಾರಾದರೂ ಮಾತು ಶುರುಮಾಡಿದರೆ, ಅವರು ಅಂದರೆ ಯಾರು ಅಂತ ಕೇಳುವುದು ನನಗೆ ಅಭ್ಯಾಸ ಆಗಿಬಿಟ್ಟಿದೆ.

ಮಣ್ಣುಗೈ

ಇದನ್ನೇ ನಾನೂ ಹೇಳಬೇಕು ಅಂತಿದ್ದೆ. ಇಲ್ಲಿ ಎಲ್ಲರೂ ಹೊರಗಿನವರಿಗೆ ಜಾಗ ಗೊತ್ತಿಲ್ಲ, ನಮಗೆ ಗೊತ್ತಿದೆ ಅಂತ ಹಿಡಿದಿದ್ದೀರಿ. ಅದು ಅರ್ಧ ನಿಜ ಅಷ್ಟೆ.

ಕೈರೊದ ಅಲ್-ಅಝರ್ ಪಾರ್ಕ್ ನೋಡಿ. 30 ಹೆಕ್ಟೇರ್. ಹಳೆಯ ಊರಿನ ಪಕ್ಕದಲ್ಲಿ ಶತಮಾನಗಳಿಂದ ಮಣ್ಣು, ಕಟ್ಟಡದ ಚೂರು, ಕಸ ಸುರಿದು ಗುಡ್ಡ ಆಗಿದ್ದ ಜಾಗ. ಅದರ ಪಕ್ಕದಲ್ಲೇ ಹುಟ್ಟಿ ಬೆಳೆದವರಿಗೂ ಅದು ಕಸದ ಗುಡ್ಡ, ಅಷ್ಟೆ. ಆಗಾ ಖಾನ್ ಟ್ರಸ್ಟ್ ಕೆಲಸ ಕೈಗೆತ್ತಿಕೊಂಡಿತು. ವಿನ್ಯಾಸ ಕೈರೊದ್ದೇ ಆದ ಸೈಟ್ಸ್ ಇಂಟರ್‌ನ್ಯಾಷನಲ್ ಸಂಸ್ಥೆಯದು. ನಡುವೆ ನಗರಕ್ಕೆ ನೀರಿನ ಟ್ಯಾಂಕ್ ಬೇಕಾಯಿತು, ಒಂದೊಂದೂ 80 ಮೀಟರ್ ಅಗಲದ ಮೂರು ಟ್ಯಾಂಕ್. ಅವನ್ನು ಪಾರ್ಕಿನ ಒಳಗೇ ಹುದುಗಿಸಿದರು. ಅಗೆಯುತ್ತ ಹೋದಾಗ 12ನೇ ಶತಮಾನದ ಅಯ್ಯೂಬಿ ಅರಸರ ಕೋಟೆಗೋಡೆ ಮಣ್ಣಿನ ಕೆಳಗಿನಿಂದ ಎದ್ದು ಬಂತು, ಸುಮಾರು ಒಂದೂವರೆ ಕಿ.ಮೀ. ಮಣ್ಣಿನಲ್ಲಿ ಉಪ್ಪು ಜಾಸ್ತಿ, ಆದ್ದರಿಂದ ಗಿಡಗಳನ್ನು ಆರಿಸಲು ತಮ್ಮದೇ ನರ್ಸರಿ ಮಾಡಿಕೊಂಡರು. ಪಕ್ಕದ ದರ್ಬ್ ಅಲ್-ಅಹ್ಮರ್ ಬಡಾವಣೆಯ ಹುಡುಗರು ಮರಗೆಲಸ, ಕಲ್ಲುಕೆಲಸ ಕಲಿತರು, ಅಲ್ಲಿನ ಮನೆಗಳ ದುರಸ್ತಿಯೂ ಆಯಿತು. ಮಾತು ಶುರುವಾದದ್ದು 1984ರಲ್ಲಿ, ಪಾರ್ಕ್ ತೆರೆದದ್ದು 2005ರಲ್ಲಿ. ಇಪ್ಪತ್ತೊಂದು ವರ್ಷ!

ಆ ಜಾಗದ ಒಳಗೆ ಏನಿದೆ ಅನ್ನುವುದು ಸ್ಥಳೀಯರಿಗೂ ಗೊತ್ತಿರಲಿಲ್ಲ. ಅಗೆದ ಮೇಲೆಯೇ ಗೊತ್ತಾದದ್ದು. ಹೊಸಚಿಗುರು ಅವರೇ, ನಿಮ್ಮ ಕಾಲುವೆಗೆ ಮಳೆಗಾಲದಲ್ಲಿ ಎಷ್ಟು ನೀರು ಬರುತ್ತದೆ ಅಂತ ಅವರು ಕೇಳಲಿಲ್ಲ ಅಂದಿರಿ. ನಿಮಗೆ ಗೊತ್ತಾ?

ಹೊಸಚಿಗುರು

...ಗೊತ್ತಿಲ್ಲ. ಸುಳ್ಳು ಹೇಳುವುದಿಲ್ಲ. ಸೈಟಿಗೆ ಹೋಗಿದ್ದೇ ಎರಡು ಸಲ, ಎರಡೂ ಬೇಸಿಗೆಯಲ್ಲಿ.

ಕಲ್ಲುಬೆಂಚು

ಮಣ್ಣುಗೈ, ಪಾಪ ಆ ಹುಡುಗಿಗೆ ಯಾಕೆ ಹೀಗೆ. ಆದರೆ ಪ್ರಶ್ನೆ ಸರಿಯಾಗಿದೆ.

ನೀರಹಾದಿ

ಸರಿಯಾದ ಪ್ರಶ್ನೆ. ನ್ಯೂ ಆರ್ಲಿಯನ್ಸ್‌ನಲ್ಲಿ ಇದೇ ನಡೆಯಿತು. 2005ರ ಕತ್ರೀನಾ ಚಂಡಮಾರುತದ ನಂತರ, 2008ರಿಂದ "ಡಚ್ ಡೈಲಾಗ್ಸ್" ಅಂತ ಕಾರ್ಯಾಗಾರಗಳು ಶುರುವಾದವು. ನೆದರ್ಲೆಂಡ್ಸ್‌ನ ನೀರಿನ ಎಂಜಿನಿಯರುಗಳು, ಲ್ಯಾಂಡ್‌ಸ್ಕೇಪ್‌ನವರು ಬಂದು ಅಲ್ಲಿಯ ಆರ್ಕಿಟೆಕ್ಟ್ ಡೇವಿಡ್ ವ್ಯಾಗನರ್ ಮತ್ತಿತರರ ಜೊತೆ ಒಂದೇ ಮೇಜಿಗೆ ಕೂತರು. ಡಚ್ಚರು ಸಮುದ್ರಮಟ್ಟಕ್ಕಿಂತ ಕೆಳಗೆ ಬದುಕುವುದರಲ್ಲಿ ಪಳಗಿದವರು. ಆದರೆ ಅವರ ಮಳೆ ಮೆತ್ತಗೆ ದಿನವಿಡೀ ಸುರಿಯುವಂಥದ್ದು. ನ್ಯೂ ಆರ್ಲಿಯನ್ಸ್‌ನದು ಒಂದೇ ಹೊಡೆತಕ್ಕೆ ಕೊಡ ಬೋರಲು ಹಾಕಿದಂಥ ಮಳೆ. ಅವರ ಲೆಕ್ಕ ಅಲ್ಲಿಗೆ ಹಾಗೇ ಕೂರುತ್ತಿರಲಿಲ್ಲ. ಊರಿನವರಿಗೂ ಒಂದು ಕಲಿಕೆ ಆಯಿತು. ಮಳೆ ನೀರನ್ನು ಪಂಪ್ ಮಾಡಿ ಆಚೆ ಹಾಕಿ ಹಾಕಿ ನೆಲ ಒಣಗಿ ಕುಸಿಯುತ್ತಿದೆ, ಆದ್ದರಿಂದ ನೀರನ್ನು ಊರಿನಲ್ಲೇ ಸ್ವಲ್ಪ ಹೊತ್ತು ನಿಲ್ಲಿಸಬೇಕು ಅನ್ನುವ ಮಾತು ಯೋಜನೆಯ ನಡುಮಧ್ಯಕ್ಕೆ ಬಂತು. 2013ರಲ್ಲಿ ಇಡೀ ಪ್ರದೇಶಕ್ಕೆ ನೀರಿನ ಯೋಜನೆ ತಯಾರಾಯಿತು.

ಹೊಸಚಿಗುರು

ಥ್ಯಾಂಕ್ಸ್ ಎಲ್ಲರಿಗೂ. ಒಪ್ಪಂದ ಇನ್ನೂ ಸಹಿ ಆಗಿಲ್ಲ. ಅದರಲ್ಲಿ ಏನು ಕೇಳಬಹುದು? ಬಾಸ್‌ಗೆ ತೋರಿಸಬೇಕು.

ಅಳತೆಕೋಲು

ಗಿಡ ಬದಲಿಸುವ ಹಕ್ಕು ಯಾರಿಗೆ ಅಂತ ಬರೆಸಿ. ಪ್ರತಿ ಗಿಡಕ್ಕೂ ಅವರ ಅನುಮತಿ ಕಾಯುತ್ತಿದ್ದರೆ ನಾಟಿಯ ಕಾಲ ಕಳೆದುಹೋಗುತ್ತದೆ. "ಇಷ್ಟೆತ್ತರ, ಇಂಥ ಎಲೆ, ಇಂಥ ನೆರಳು" ಅಂತ ಗುಣವನ್ನು ಅವರು ಹೇಳಲಿ, ಗಿಡವನ್ನು ನೀವು ಆರಿಸಿ. ಎರಡು ಭಾಷೆಯ ಪ್ರತಿ ಇದ್ದರೆ ಯಾವುದು ಅಂತಿಮ ಅನ್ನುವುದೂ ಇರಲಿ. ಇನ್ನು, ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಅನ್ನುವ ಹೆಸರಿಗೆ ಕೆಲವು ದೇಶಗಳಲ್ಲಿ ಲೈಸೆನ್ಸ್ ಬೇಕು, ಕೆಲವು ಕಡೆ ಬೇಡ. ಕಾನೂನಿನ ಎದುರು ಸಹಿ ಹಾಕುವವರು ಯಾರು ಅಂತ ಈಗಲೇ ತಿಳಿದುಕೊಳ್ಳಿ. ಸಾಮಾನ್ಯವಾಗಿ ಆ ಕತ್ತು ನಮ್ಮದೇ ಆಗಿರುತ್ತದೆ.

ಕಲ್ಲುಬೆಂಚು

ನನ್ನದು ಒಂದೇ. ನಾಟಿ ಆದ ಮೇಲೆ ಕನಿಷ್ಠ ಎರಡು ವರ್ಷ ಅವರೂ ಜೊತೆಗಿರಬೇಕು, ವರ್ಷಕ್ಕೊಂದು ಸಲ ಸೈಟಿಗೆ ಬರಬೇಕು, ಅದಕ್ಕೆ ಫೀಸ್ ಬೇರೆ ಇಡಬೇಕು. ಸಿಗುತ್ತದೋ ಇಲ್ಲವೋ. ಕೇಳಿ ನೋಡಿ. ನಾನು ಇಪ್ಪತ್ತು ವರ್ಷ ಕೇಳದೇ ಬೈದುಕೊಂಡು ಕೂತಿದ್ದೆ, ಈಗ ಅನಿಸುತ್ತಿದೆ.

ಬೇರುಬಿಳಲು

ಹೆಸರು ಹಾಕುವುದನ್ನೂ ಬರೆಸಿ. ಪ್ರಶಸ್ತಿಗೆ ಕಳಿಸುವಾಗ ಎರಡೂ ಆಫೀಸಿನ ಹೆಸರು ಇರಬೇಕು. ಆಮೇಲೆ ಕೇಳಿದರೆ "ಅಯ್ಯೋ, ಮರೆತುಹೋಯಿತು" ಅನ್ನುತ್ತಾರೆ.

ಹೊಸಚಿಗುರು

ಎರಡು ವಾರದ ನಂತರ ಬರೆಯುತ್ತಿದ್ದೇನೆ. ಬಾಸ್‌ಗೆ ಈ ಚರ್ಚೆಯನ್ನೇ ತೋರಿಸಿದೆ. ಸುಮ್ನೆ ಓದಿದರು, ಏನೂ ಅನ್ನಲಿಲ್ಲ. ಮುಂದಿನ ಕಾಲ್‌ನಲ್ಲಿ ಮಾತ್ರ "ನಮ್ಮವಳು ಮೊದಲು ಮಾತಾಡುತ್ತಾಳೆ" ಅಂದುಬಿಟ್ಟರು. ಕಾಲುವೆಯ ಒಂದು ಬದಿಯಲ್ಲಿ 40 ಮೀಟರ್ ಪ್ರಯೋಗಕ್ಕೆ ಬಿಡೋಣ ಅಂದೆ. ಆ ಕಡೆಯ ಮುಖ್ಯ ವಿನ್ಯಾಸಗಾರ್ತಿ ಬೇಡ ಅನ್ನಲಿಲ್ಲ. ವಾಪಸ್ ನನ್ನನ್ನೇ ಕೇಳಿದರು: ಕಾಲುವೆ ಯಾವ ತಿಂಗಳು ನಾರುತ್ತದೆ, ನೀರು ಎಲ್ಲಿಯವರೆಗೆ ಏರುತ್ತದೆ, ರಾತ್ರಿ ಅಲ್ಲಿ ಯಾರು ಇರುತ್ತಾರೆ? ಒಂದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಾರನೇ ದಿನ ಸೈಟಿಗೆ ಹೋದೆ. ಹಳೆಯ ಕಾರ್ಖಾನೆಯ ಕಾವಲುಗಾರ ಗೋಡೆಯ ಮೇಲೆ ಒಂದು ಕಂದು ಗೆರೆ ತೋರಿಸಿದರು. ಹೋದ ಮಳೆಗಾಲದಲ್ಲಿ ನೀರು ಅಲ್ಲಿಗೆ ಬಂದಿತ್ತಂತೆ. ಅಳೆದೆ, 1.4 ಮೀಟರ್. ಅವರ ಡ್ರಾಯಿಂಗ್‌ನ ಕಾಲುದಾರಿ ಅದಕ್ಕಿಂತ ಕೆಳಗಿದೆ. ಫೋಟೊ ಕಳಿಸಿದ್ದೇನೆ, ದಾರಿ ಮೇಲೆ ತರುತ್ತೇವೆ ಅಂದಿದ್ದಾರೆ.

ಅಳತೆಕೋಲು

ಭೇಷ್! 1.4 ಮೀಟರ್ ಸರಿ, ಎಲ್ಲಿಂದ ಅಳೆದಿರಿ? ಅವರ ಬೆಂಚ್‌ಮಾರ್ಕ್, ಅಂದರೆ ಎತ್ತರ ಅಳೆಯಲು ಶುರುಮಾಡುವ ಗುರುತು, ಯಾವುದು, ನಿಮ್ಮದು ಯಾವುದು?

ಹೊಸಚಿಗುರು

ಅಯ್ಯೋ. ನಾಳೆ ಮತ್ತೆ ಹೋಗುತ್ತೇನೆ.